ಕೂಸು ಹುಟ್ಟುವ ಮುನ್ನ ಕುಲಾವಿ

ನಮ್ಮ ಹಿಂದಿನ ಬೀದಿಯಲ್ಲಿರುವ ವೃದ್ಧ ಮಿತ್ರರೊಬ್ಬರ ಮಗಳು ಅಮೆರಿಕದ ಫ್ಲಾರಿಡಾ ಪ್ರಾಂತದ ಜಾಕ್ಸನ್‌ವಿಲ್ ಪಟ್ಟಣದಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದುವು. ಸೋಮವಾರ ಬೆಳಿಗ್ಗೆ ನಮ್ಮಲ್ಲಿ ಕಾಫಿಯ ಹೊತ್ತಾದಾಗ ಅಲ್ಲಿ ಭಾನುವಾರದ ರಾತ್ರಿ. ಆ ಹೊತ್ತಿಗೆ ಮೊಮ್ಮಗನು ತಾತನೊಡನೆ ಟೆಲಿಫೋನಿನಲ್ಲಿ ನಾಲ್ಕು ಮಾತನಾಡಿ ಮಲಗಲು ಹೋಗುವುದು ಆ ಮನೆಯ ರೂಢಿ. ೨೦೨೧ನೆಯ ಇಸವಿಯಲ್ಲಿ ಹುಡುಗನಿಗೆ ಹತ್ತು ವರ್ಷ. ಆ ವರ್ಷವೆಲ್ಲ ಅವನ ಮಾತಿಗೆ ಇದ್ದದ್ದು ಒಂದೇ ವಿಷಯ: ತನ್ನ ಊರಿನ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚು ಬಂದಿದ್ದಾರೆ, ಅವರು ಕಾಲೇಜು ತಂಡಗಳನ್ನು ಮೂರು ಸಲ ದೇಶಕ್ಕೇ ಮೊದಲನೆಯದಾಗಿ ಮಾಡಿದವರು, ಇನ್ನು ಮೇಲೆ ಊರಿಗೆ ಸೋಲೆಂಬುದಿಲ್ಲ. ಹಟಮಾಡಿ ತಂಡದ ಟೋಪಿಯೊಂದನ್ನು ಕೊಡಿಸಿಕೊಂಡು, ಅದನ್ನು ಇಟ್ಟುಕೊಂಡೇ ಊಟಕ್ಕೆ ಕೂಡುತ್ತಿದ್ದನಂತೆ.

ಡಿಸೆಂಬರ್ ತಿಂಗಳಿನ ಒಂದು ಸೋಮವಾರ ಆ ಹುಡುಗನು ತಾತನನ್ನು ಹೀಗೆ ಕೇಳಿದನು: "ತಾತಾ, ಅವರು ಹಿಂದಿನ ಕಾಲೇಜಿನಲ್ಲಿ ಏಳು ವರ್ಷಕ್ಕೆ ಒಂಬತ್ತೇ ಆಟ ಸೋತಿದ್ದರಂತೆ. ಇಲ್ಲಿ ಮೂರು ತಿಂಗಳಿಗೆ ಹನ್ನೊಂದು ಸೋತರು. ಆಟ ಕಲಿಸುವುದು ಅವರಿಗೆ ಮರೆತುಹೋಯಿತೇ?"

ಮಿತ್ರರಿಗೆ ಉತ್ತರ ತೋರಲಿಲ್ಲ. ಪ್ರಶ್ನೆಯನ್ನು ನಮ್ಮ ಜಗಲಿಗೆ ತಂದರು. ಆ ದಿನ ನಮಗೂ ತೋರಲಿಲ್ಲ. ಆದರೆ ಮಗುವಿನ ಪ್ರಶ್ನೆಯನ್ನು ಮಗುವಿನದೆಂದು ತಳ್ಳಿಹಾಕುವುದು ನಮ್ಮ ಅಭ್ಯಾಸವಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ, ಬಲ್ಲವರನ್ನು ವಿಚಾರಿಸಿ, ತಿಳಿದುಬಂದದ್ದನ್ನು ಈ ತಿಂಗಳ ಪುಟದಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಮನೆಮಂದಿ ಓದುವ ಪತ್ರಿಕೆಗೆ ಸಮುದ್ರದಾಚೆಯ ಆಟದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಒಬ್ಬ ಮನುಷ್ಯನು ಬಂದೊಡನೆ ಎಲ್ಲವೂ ಸರಿಹೋಗುವುದೆಂದು ಕಾಯದ ಮನೆ ಯಾವುದು? ಕೊನೆಯವರೆಗೆ ಓದಿದರೆ ಈ ಗೊಡವೆ ಅಷ್ಟು ದೂರದ್ದೇನೂ ಅಲ್ಲವೆಂದು ಅವರಿಗೇ ತೋರುವುದೆಂದು ನಂಬಿದ್ದೇವೆ.

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡು ಮೊಟ್ಟೆಯಂತೆ ಎರಡು ಕಡೆಯೂ ಚೂಪಾದದ್ದು; ಅದಕ್ಕೆ ಕಾಲಿಗಿಂತ ಕೈಯ ಸಹವಾಸವೇ ಹೆಚ್ಚು. ಒಂದೊಂದು ಕಡೆಗೆ ೧೧ ಜನ. ಚೆಂಡನ್ನು ಎಸೆದೋ, ಕಂಕುಳಲ್ಲಿ ಅವುಚಿಕೊಂಡು ಓಡಿಯೋ ಎದುರಾಳಿಗಳ ಎಲ್ಲೆಯನ್ನು ದಾಟಿಸಬೇಕು. ಆಟವು ಕ್ಷಣಕ್ಷಣಕ್ಕೂ ನಿಲ್ಲುತ್ತದೆ. ನಿಂತಾಗಲೆಲ್ಲ ಮುಂದಿನ ಹೆಜ್ಜೆಯನ್ನು ಹೊರಗಿನಿಂದ ಕೋಚು ನಿರ್ಣಯಿಸಿ ಕಳುಹಿಸುತ್ತಾನೆ. ಆದುದರಿಂದ ಈ ಆಟದಲ್ಲಿ ಕೋಚಿಗೆ ಇರುವ ಸ್ಥಾನವು ಸೇನಾಪತಿಯದು. ಗೆದ್ದರೆ ಕೀರ್ತಿಯೂ ಸೋತರೆ ನಿಂದೆಯೂ ಅವನ ಪಾಲಿಗೇ.

ಈ ಆಟಕ್ಕೆ ಅಲ್ಲಿ ಎರಡು ಲೋಕಗಳುಂಟು. ಒಂದು ಕಾಲೇಜಿನದು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಂಥ ಕಡೆ ವಿದ್ಯಾರ್ಥಿಗಳ ಆಟವನ್ನು ನೋಡಲು ಒಂದು ಲಕ್ಷಕ್ಕೆ ಮೀರಿದ ಜನ ಸೇರುತ್ತಾರೆ. ಇನ್ನೊಂದು, ಸಂಬಳ ಪಡೆದು ಆಡುವ ವೃತ್ತಿಯವರದು. ೧೯೨೦ರಲ್ಲಿ ಹುಟ್ಟಿದ ಒಂದು ಕೂಟದ ಕೆಳಗೆ ೩೨ ತಂಡಗಳಿವೆ. ೨೦೨೧ರಿಂದ ಒಂದೊಂದು ತಂಡವೂ ವರ್ಷಕ್ಕೆ ೧೭ ಆಟಗಳನ್ನಾಡುತ್ತದೆ. ಅವುಗಳಲ್ಲಿ ಮೇಲಾದವು ಮುಂದೆ ಹೋಗಿ, ಸೂಪರ್ ಬೌಲ್ ಎಂಬ ಕಡೆಯ ಆಟದಲ್ಲಿ ವರ್ಷದ ವಿಜಯವು ತೀರ್ಮಾನವಾಗುತ್ತದೆ. ಮೊದಲನೆಯ ಲೋಕದಲ್ಲಿ ಹೆಸರುಗೊಂಡ ಕೋಚನ್ನು ಎರಡನೆಯ ಲೋಕದ ತಂಡವೊಂದು ಬರಮಾಡಿಕೊಂಡಾಗ ಆ ಊರಿನ ಜನಕ್ಕೆ ಆಗುವ ಸಂತೋಷವು ಹಬ್ಬದ ಸಂತೋಷ. ಮಿತ್ರರ ಮೊಮ್ಮಗನದು ಆ ಸಂತೋಷದಲ್ಲಿ ಒಂದು ಹನಿ.

ಜಾಕ್ಸನ್‌ವಿಲ್ಲಿನವರ ಹಿಗ್ಗಿಗೆ ಕಾರಣಗಳು ಗಟ್ಟಿಯಾಗಿಯೇ ಇದ್ದುವು. ಜಾಗ್ವಾರ್ಸ್ ಎಂಬ ಅವರ ತಂಡವು ೨೦೨೦ರಲ್ಲಿ ಮೊದಲನೆಯ ಆಟವನ್ನು ಗೆದ್ದು, ಮಿಕ್ಕ ೧೫ ಆಟಗಳನ್ನು ಸಾಲಾಗಿ ಸೋತಿತ್ತು. ೨೦೨೧ರ ಜನವರಿಯಲ್ಲಿ ಅರ್ಬನ್ ಮೈಯರ್ ಅವರನ್ನು ಕರೆತಂದರು. ಕಾಲೇಜು ತಂಡಗಳ ಮುಖ್ಯ ಕೋಚಾಗಿ ಮೈಯರ್ ಅವರು ಗೆದ್ದದ್ದು ೧೮೭ ಆಟ, ಸೋತದ್ದು ೩೨. ರಾಷ್ಟ್ರದ ಪ್ರಥಮ ಸ್ಥಾನವನ್ನು ೨೦೦೬ರಲ್ಲಿಯೂ ೨೦೦೮ರಲ್ಲಿಯೂ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ, ೨೦೧೪ರಲ್ಲಿ ಒಹಾಯೊಗೆ ಗಳಿಸಿಕೊಟ್ಟಿದ್ದರು. ಫ್ಲಾರಿಡಾ ವಿಶ್ವವಿದ್ಯಾಲಯವಿರುವ ಗೇನ್ಸ್‌ವಿಲ್ ಎಂಬುದು ಜಾಕ್ಸನ್‌ವಿಲ್ಲಿಗೆ ನೆರೆಯ ಊರೇ ಸರಿ. ಮೈಯರ್ ಅವರ ಹಳೆಯ ವಿಜಯಗಳನ್ನು ಕಣ್ಣಾರೆ ಕಂಡವರು ಬೀದಿಬೀದಿಯಲ್ಲಿಯೂ ಇದ್ದರು. ಇಷ್ಟು ಸಾಲದೆಂಬಂತೆ, ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದುದರ ಫಲವಾಗಿ ಹೊಸ ಆಟಗಾರರಲ್ಲಿ ಮೊದಲನೆಯವನನ್ನು ಆರಿಸಿಕೊಳ್ಳುವ ಹಕ್ಕು ತಂಡಕ್ಕೆ ಬಂದಿತು. ಅದರಿಂದ ಟ್ರೆವರ್ ಲಾರೆನ್ಸ್ ಎಂಬ ತರುಣ, ಕಾಲೇಜಿನಲ್ಲಿ ಮೊದಲನೆಯ ವರ್ಷದಲ್ಲಿಯೇ ತನ್ನ ತಂಡವನ್ನು ರಾಷ್ಟ್ರದ ಅಗ್ರಸ್ಥಾನಕ್ಕೆ ಒಯ್ದಿದ್ದವನು, ದೊರೆತನು. ಹಳೆಯ ಫ್ಲಾರಿಡಾ ತಂಡದ ಮುದ್ದಿನ ನಾಯಕ ಟಿಮ್ ಟೀಬೋ ಅವರನ್ನು ಕೂಡ ಕರೆಸಿ ಪರೀಕ್ಷಿಸಿದರು. ಅವರು ವೃತ್ತಿಯ ಆಟದ ಕಣಕ್ಕಿಳಿದು ಎಂಟು ವರ್ಷಗಳಿಗೆ ಮೇಲಾಗಿತ್ತು. ಆಗಸ್ಟಿನಲ್ಲಿ ಅವರನ್ನು ಕೈಬಿಟ್ಟರು. ಆದರೂ ಜನಕ್ಕೆ ಹಳೆಯ ಕಾಲವೇ ಹಿಂತಿರುಗಿ ಬರುತ್ತಿರುವಂತೆ ತೋರಿತು.

ಒಂದು ಸಂಗತಿಯನ್ನು ಮಾತ್ರ ಈ ಸಂಭ್ರಮದಲ್ಲಿ ಯಾರೂ ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಮೈಯರ್ ಅವರು ಅದುವರೆಗೆ ವೃತ್ತಿಯ ತಂಡವೊಂದರಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ.

ಮುಂದೆ ನಡೆದದ್ದನ್ನು ಸಂಕ್ಷೇಪವಾಗಿ ಹೇಳಬಹುದು. ಸೆಪ್ಟೆಂಬರ್ ೧೨ರಂದು ಮೊದಲನೆಯ ಆಟದಲ್ಲಿಯೇ ಹ್ಯೂಸ್ಟನ್ ತಂಡಕ್ಕೆ ೩೭–೨೧ರಿಂದ ಸೋತರು. ಐದು ಸೋಲುಗಳಾದಮೇಲೆ ಅಕ್ಟೋಬರ್ ೧೭ರಂದು ಲಂಡನ್ನಿನಲ್ಲಿ ಮಯಾಮಿಯ ಮೇಲೆ ಮೊದಲನೆಯ ಗೆಲುವು. ನವೆಂಬರಿನಲ್ಲಿ ಬಲಿಷ್ಠವಾದ ಬಫಲೊ ತಂಡದ ಮೇಲೆ ೯–೬ರಿಂದ ಎರಡನೆಯದು. ಅಲ್ಲಿಗೆ ಮುಗಿಯಿತು. ಡಿಸೆಂಬರ್ ೧೨ರಂದು ಒಂದು ಅಂಕವನ್ನೂ ಗಳಿಸದೆ ೨೦–೦ರಿಂದ ಸೋತರು. ೧೬ರಂದು ಯಜಮಾನರು ಮೈಯರ್ ಅವರನ್ನು ಕೆಲಸದಿಂದ ತೆಗೆದರು. ಆಟಗಳು ೧೩, ಗೆಲುವು ೨, ಸೋಲು ೧೧. ಸೋಲುಗಳ ಜೊತೆಗೆ, ನಡತೆಯ ವಿಚಾರದಲ್ಲಿಯೂ ಅಪವಾದಗಳು ಹುಟ್ಟಿದ್ದುವು. ಕಳೆದುಕೊಂಡ ವಿಶ್ವಾಸಗೌರವಗಳನ್ನು ಮತ್ತೆ ಗಳಿಸಿಕೊಳ್ಳಲಿಲ್ಲವೆಂಬುದೇ ಯಜಮಾನರು ಹೊರಗೆಡಹಿದ ಕಾರಣ. ಹುಡುಗನು ಟೋಪಿಯನ್ನು ಬೀರುವಿನ ತಳಕ್ಕೆ ಹಾಕಿದನೆಂದು ಮಿತ್ರರು ಹೇಳಿದರು.

ಈಗ ಪ್ರಶ್ನೆಗೆ ಬರೋಣ. ಆಟ ಕಲಿಸುವುದು ಅವರಿಗೆ ಮರೆತುಹೋಯಿತೇ? ಇಲ್ಲ. ವಿದ್ಯೆಯು ಒಂದು ಬೇಸಗೆಯಲ್ಲಿ ಮರೆತುಹೋಗುವ ವಸ್ತುವಲ್ಲ. ಹಾಗಾದರೆ ಬದಲಾದದ್ದು ಏನು? ಮೂರು ಸಂಗತಿಗಳು ನಮಗೆ ಕಾಣುತ್ತವೆ.

ಮೊದಲನೆಯದು, ಶಿಷ್ಯರನ್ನು ಆರಿಸಿಕೊಳ್ಳುವ ಬಗೆ. ಕಾಲೇಜಿನ ಕೋಚು ವರ್ಷಕ್ಕೊಮ್ಮೆ ಊರೂರು ತಿರುಗಿ, ಆಟದಲ್ಲಿ ಚತುರರಾದ ಹುಡುಗರ ಮನೆಗೆ ಹೋಗಿ, ತಾಯಿತಂದೆಗಳೆದುರಿಗೆ ಕುಳಿತು, "ನಿಮ್ಮ ಮಗನನ್ನು ನಮಗೆ ಕೊಡಿ" ಎಂದು ಕೇಳುತ್ತಾನೆ. ಕೀರ್ತಿಯುಳ್ಳ ಕಾಲೇಜು ಕರೆದರೆ ಒಲ್ಲೆನೆನ್ನುವವರು ಕಡಮೆ. ಬಹಳ ಕಾಲ ಒಂದೊಂದು ದೊಡ್ಡ ಕಾಲೇಜಿಗೂ ಇಂಥ ೮೫ ಹುಡುಗರಿಗೆ ವಿದ್ಯಾರ್ಥಿವೇತನ ಕೊಡುವ ಅಧಿಕಾರವಿದ್ದಿತು. ಹೀಗೆ ಗೆದ್ದವನ ಬಳಿಗೆ ಉತ್ತಮರು ಬರುತ್ತಾರೆ. ಉತ್ತಮರು ಬಂದುದರಿಂದ ಅವನು ಮತ್ತೆ ಗೆಲ್ಲುತ್ತಾನೆ. ವರ್ಷದ ಹನ್ನೆರಡು ಆಟಗಳಲ್ಲಿ ಎಂಟೊಂಬತ್ತು ಆಟಗಳಲ್ಲಿ ಚೆಂಡು ಏಳುವ ಮೊದಲೇ ಅವನ ತಂಡವು ಎದುರಿನ ತಂಡಕ್ಕಿಂತ ಬಲವುಳ್ಳದ್ದು.

ವೃತ್ತಿಯ ಕೂಟದಲ್ಲಿ ಧರ್ಮವೇ ಬೇರೆ. ಅಲ್ಲಿ ೧೯೩೬ರಿಂದ ನಡೆದುಬಂದಿರುವ ಕಟ್ಟಳೆಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದರಲ್ಲಿ ಸೋತವರಿಗೆ ಮೊದಲು, ಗೆದ್ದವರಿಗೆ ಕಡೆಗೆ. ೧೯೯೪ರಿಂದ ಆಟಗಾರರ ಒಟ್ಟು ಸಂಬಳಕ್ಕೂ ಒಂದು ಮಿತಿಯುಂಟು. ೨೦೨೧ರಲ್ಲಿ ಅದು ಒಂದೊಂದು ತಂಡಕ್ಕೆ ೧೮ ಕೋಟಿ ೨೫ ಲಕ್ಷ ಡಾಲರು. ಹಣವುಳ್ಳ ತಂಡವು ಒಳ್ಳೆಯವರನ್ನೆಲ್ಲ ಕೊಂಡುಬಿಡುವಂತಿಲ್ಲ. ಪಟ್ಟಿಯಲ್ಲಿ ಇರಬಹುದಾದವರು ೫೩ ಜನ. ಒಟ್ಟಿನಲ್ಲಿ ಆ ಕೂಟದ ಕಾನೂನುಗಳೆಲ್ಲವೂ ದಿಣ್ಣೆಯನ್ನು ಕಡಿದು ಹಳ್ಳಕ್ಕೆ ತುಂಬುವ ಕಾನೂನುಗಳು. ದಿಣ್ಣೆಯ ಮೇಲೆ ನಿಂತು ಗೆದ್ದವನು ಸಮನೆಲಕ್ಕೆ ಬಂದಾಗ ಅವನ ಎತ್ತರವೆಷ್ಟೆಂಬುದು ಗೊತ್ತಾಗುತ್ತದೆ. ಅವನು ಕುಳ್ಳನೆಂದು ನಾವು ಹೇಳುವುದಿಲ್ಲ. ದಿಣ್ಣೆಯ ಎತ್ತರವನ್ನೂ ಅವನ ಲೆಕ್ಕಕ್ಕೆ ಬರೆದವರು ನೋಡುವವರು.

ಎರಡನೆಯದು, ಶಿಷ್ಯರ ವಯಸ್ಸು ಮತ್ತು ಸ್ಥಿತಿ. ಕಾಲೇಜಿನ ಆಟಗಾರನು ಹದಿನೆಂಟು, ಇಪ್ಪತ್ತು ವರ್ಷದ ಹುಡುಗ. ಕೋಚಿನ ಮಾತು ಅವನಿಗೆ ತಂದೆಯ ಮಾತು; ಗದರಿಕೆಯೂ ಪ್ರಸಾದವೇ. ವೃತ್ತಿಯ ಆಟಗಾರನಿಗೆ ಮೂವತ್ತು ವರ್ಷವಾಗಿರಬಹುದು. ಮನೆಯಲ್ಲಿ ಹೆಂಡತಿ ಮಕ್ಕಳಿರಬಹುದು. ಕೈಯಲ್ಲಿ ಬರೆದುಕೊಟ್ಟ ಕರಾರು ಇರುತ್ತದೆ. ಅವನನ್ನು ಗದರಿಸಿ ಓಡಿಸುವುದಕ್ಕಾಗುವುದಿಲ್ಲ, ಒಪ್ಪಿಸಿ ಓಡಿಸಬೇಕು. ಶಾಲೆಯನ್ನು ಆಳಿದ ರೀತಿಯಲ್ಲಿ ಕಚೇರಿಯನ್ನು ಆಳಹೋದವನು ಕೆಡುತ್ತಾನೆ. ಇತ್ತೀಚೆಗೆ ಈ ಎರಡು ಲೋಕಗಳ ನಡುವಣ ಗೋಡೆ ತೆಳ್ಳಗಾಗುತ್ತಿದೆಯೆಂಬುದನ್ನೂ ಹೇಳಬೇಕು. ೨೦೨೧ರಿಂದ ಕಾಲೇಜಿನ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. ೨೦೨೫ರಿಂದ ಕಾಲೇಜುಗಳೇ ಅವರಿಗೆ ಹಣ ಕೊಡಬಹುದು. ಆದರೂ ಹುಡುಗನು ಹುಡುಗನೇ, ಗೃಹಸ್ಥನು ಗೃಹಸ್ಥನೇ.

ಮೂರನೆಯದು, ಸೋಲಿನ ಅಭ್ಯಾಸ. ಇದು ವಿಚಿತ್ರವಾಗಿ ಕೇಳಿಸಬಹುದು. ಏಳು ವರ್ಷಗಳಲ್ಲಿ ಒಂಬತ್ತು ಸಲ ಮಾತ್ರ ಸೋತವನಿಗೆ ಸೋಲು ಎಂಬುದು ಎಂದೋ ಒಮ್ಮೆ ಬರುವ ಅನಿಷ್ಟ; ಅದನ್ನು ಕೆಟ್ಟ ಕನಸಿನಂತೆ ಮರೆಯಬಹುದು. ವೃತ್ತಿಯ ಕೂಟದಲ್ಲಿ ವರ್ಷದ ವಿಜಯಿಯಾದ ತಂಡವೂ ಮೂರು ನಾಲ್ಕು ಸಲ ಸೋಲುವುದು ಸಾಮಾನ್ಯ. ಭಾನುವಾರ ಸೋತು, ಸೋಮವಾರ ಮುಖ ತೊಳೆದುಕೊಂಡು, ಸೋತವರನ್ನು ಕೂರಿಸಿಕೊಂಡು, ದೂಷಿಸದೆ ಮತ್ತೆ ಕಲಿಸುವುದು ಅಲ್ಲಿ ವಾರವಾರದ ಕೆಲಸ. ಎಂದೂ ಸೋಲದವನಿಗೆ ಈ ವಿದ್ಯೆ ಬಂದಿರುವುದು ಹೇಗೆ?

ಇದು ಒಬ್ಬರಿಗೆ ಒದಗಿದ ಅವಸ್ಥೆಯಲ್ಲ. ಸ್ಟೀವ್ ಸ್ಪರಿಯರ್ ಎಂಬವರು ಅದೇ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ೧೯೯೬ರಲ್ಲಿ ರಾಷ್ಟ್ರದ ಅಗ್ರಸ್ಥಾನವನ್ನು ತಂದವರು. ೨೦೦೨ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದರು. ಜಪಾನಿನ ಒಸಾಕಾದಲ್ಲಿ ನಡೆದ ಅಭ್ಯಾಸದ ಆಟದಲ್ಲಿ ಸಾನ್‌ಫ್ರಾನ್ಸಿಸ್ಕೊ ತಂಡವನ್ನು ೩೮–೭ರಿಂದ ಹೊಡೆದಾಗ ರಾಜಧಾನಿಯ ಜನ ಸ್ವರ್ಗಕ್ಕೆ ಮೂರೇ ಗೇಣೆಂದುಕೊಂಡರು. ನಿಜವಾದ ಆಟಗಳು ಬಂದಾಗ ಆ ವರ್ಷ ೭ ಗೆಲುವು, ೯ ಸೋಲು. ಮರುವರ್ಷ ೫ ಗೆಲುವು, ೧೧ ಸೋಲು. ಸ್ಪರಿಯರ್ ಅವರು ತಾವಾಗಿಯೇ ಬಿಟ್ಟುಹೋದರು. ನಮ್ಮ ಹಿರಿಯರು, ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನೆಂದು ಕೆಲಸ ಮಾಡುವವನನ್ನು ಕುರಿತು ಹೇಳಿದರು. ನೋಡುವವರೂ ಹೊಸದರಲ್ಲಿ ಎತ್ತೆತ್ತಿ ಹೊಗಳುತ್ತಾರೆಂಬುದನ್ನು ಅದರೊಡನೆ ಸೇರಿಸಬಹುದು.

ನಿಕ್ ಸೇಬನ್ ಅವರ ಕಥೆ ಇನ್ನೂ ಬೋಧಪ್ರದವಾದದ್ದು. ೨೦೦೩ರಲ್ಲಿ ಲೂಯಿಸಿಯಾನದ ವಿಶ್ವವಿದ್ಯಾಲಯವನ್ನು ಅಗ್ರಸ್ಥಾನಕ್ಕೇರಿಸಿ, ೨೦೦೫ರಲ್ಲಿ ಮಯಾಮಿಯ ವೃತ್ತಿಯ ತಂಡಕ್ಕೆ ಬಂದರು. ಎರಡು ವರ್ಷಗಳಲ್ಲಿ ೧೫ ಗೆಲುವು, ೧೭ ಸೋಲು. ೨೦೦೬ರಲ್ಲಿ ಡ್ರೂ ಬ್ರೀಸ್ ಎಂಬ ಆಟಗಾರನನ್ನು ತೆಗೆದುಕೊಳ್ಳಬೇಕೆಂಬ ಯೋಚನೆ ಇದ್ದಿತು, ಅವನ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು, ತಂಡದ ವೈದ್ಯರು ಸಂದೇಹಪಟ್ಟರು, ಬಿಟ್ಟರು. ಅದೇ ಬ್ರೀಸನು ನ್ಯೂ ಆರ್ಲಿಯನ್ಸಿಗೆ ಹೋಗಿ, ೨೦೧೦ರ ಫೆಬ್ರವರಿಯಲ್ಲಿ ಆ ಊರಿಗೆ ಸೂಪರ್ ಬೌಲನ್ನು ಗೆದ್ದುಕೊಟ್ಟನು. ಒಂದು ಭುಜದ ಮೇಲೆ ಒಬ್ಬ ಗುರುವಿನ ಕೀರ್ತಿ ನಿಂತಿದ್ದಿತು! ಸೇಬನ್ ಅವರು ೨೦೦೭ರ ಜನವರಿಯಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಅಲ್ಲಿ ನಿವೃತ್ತರಾಗುವುದರೊಳಗೆ ಆರು ಸಲ ರಾಷ್ಟ್ರದ ಅಗ್ರಸ್ಥಾನವನ್ನು ಗಳಿಸಿದರು. ಹುಡುಗನ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಸಮಾಧಾನ ಬೇಕಿಲ್ಲ. ಮರೆತವನು ಹಿಂತಿರುಗಿ ಹೋಗಿ ಆರು ಸಲ ಗೆಲ್ಲಲಾರನು.

ಎದುರುದಿಕ್ಕಿನ ಪ್ರಯಾಣವೂ ಇದನ್ನೇ ಹೇಳುತ್ತದೆ. ನ್ಯೂ ಇಂಗ್ಲೆಂಡ್ ತಂಡದ ಮುಖ್ಯ ಕೋಚಾಗಿ ಆರು ಸೂಪರ್ ಬೌಲ್‌ಗಳನ್ನು ಗೆದ್ದ ಬಿಲ್ ಬೆಲಿಚಿಕ್ ಅವರು ೨೦೨೫ರಲ್ಲಿ ಉತ್ತರ ಕ್ಯಾರೊಲೈನ ವಿಶ್ವವಿದ್ಯಾಲಯದ ತಂಡವನ್ನು ವಹಿಸಿಕೊಂಡರು. ಅಲ್ಲಿಯೂ ತೋರಣ ಕಟ್ಟಿದರು. ಮೊದಲನೆಯ ಆಟವನ್ನೇ ೪೮–೧೪ರಿಂದ ಸೋತರು. ವರ್ಷದ ಕೊನೆಗೆ ೪ ಗೆಲುವು, ೮ ಸೋಲು.

ಹಾಗಾದರೆ ಕಾಲೇಜಿನಿಂದ ಬಂದವರನ್ನು ನಂಬುವುದೇ ತಪ್ಪೋ? ಹಾಗೆಂದು ಬರೆದು ಲೇಖನಿಯನ್ನು ಕೆಳಗಿಟ್ಟರೆ ನಾವು ಅರ್ಧ ಸತ್ಯವನ್ನು ಹೇಳಿದವರಾಗುತ್ತೇವೆ. ಇನ್ನರ್ಧವನ್ನು ನೋಡೋಣ.

೧೯೮೯ರಲ್ಲಿ ಡಲಾಸ್ ತಂಡವನ್ನು ಕೊಂಡುಕೊಂಡ ಹೊಸ ಯಜಮಾನರು, ೨೯ ವರ್ಷ ಆ ತಂಡಕ್ಕೆ ಗುರುವಾಗಿದ್ದ ಟಾಮ್ ಲ್ಯಾಂಡ್ರಿ ಅವರನ್ನು ತೆಗೆದು, ಮಯಾಮಿ ವಿಶ್ವವಿದ್ಯಾಲಯದ ಜಿಮ್ಮಿ ಜಾನ್ಸನ್ ಅವರನ್ನು ತಂದರು. ಊರಿನವರಿಗೆ ಸಂತೋಷವಾಗಲಿಲ್ಲ, ಕಡುಕೋಪ ಬಂದಿತು. ದೇವರಕೋಣೆಯ ಪಟವನ್ನು ಕಿತ್ತೆಸೆದಂತೆ ನೊಂದುಕೊಂಡರು. ಮೊದಲನೆಯ ವರ್ಷದ ಫಲವೋ, ೧ ಗೆಲುವು, ೧೫ ಸೋಲು. ಮೈಯರ್ ಅವರಿಗಿಂತ ಹೀನವಾದ ಲೆಕ್ಕ! ಆ ವರ್ಷದ ನಡುವೆ ತಂಡದಲ್ಲಿ ಎಲ್ಲರಿಗಿಂತ ಹೆಸರುವಾಸಿಯಾದ ಆಟಗಾರನನ್ನು ಮಿನೆಸೋಟಕ್ಕೆ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಕೆಲವು ಆಟಗಾರರನ್ನೂ ಮುಂದಿನ ವರ್ಷಗಳಲ್ಲಿ ಹೊಸಬರನ್ನು ಆರಿಸಿಕೊಳ್ಳುವ ಹಲವು ಹಕ್ಕುಗಳನ್ನೂ ತೆಗೆದುಕೊಂಡರು. ಇದ್ದೊಂದು ಹಣ್ಣಿನ ಮರವನ್ನು ಕೊಟ್ಟು ಬೀಜ ತಂದಂತೆ ಕಂಡಿತು. ಯಜಮಾನರೂ ಜಾನ್ಸನ್ ಅವರೂ ಕಾಲೇಜಿನಲ್ಲಿ ಒಂದೇ ತಂಡದಲ್ಲಿ ಆಡಿದ ಗೆಳೆಯರು. ೧೫ ಸೋಲಾದರೂ ಕೈಬಿಡಲಿಲ್ಲ. ೧೯೯೦ರಲ್ಲಿ ೭ ಗೆಲುವು, ೧೯೯೧ರಲ್ಲಿ ೧೧, ೧೯೯೨ರಲ್ಲಿ ೧೩. ೧೯೯೩ರ ಜನವರಿಯಲ್ಲಿ ಬಫಲೊ ತಂಡವನ್ನು ೫೨–೧೭ರಿಂದ ಗೆದ್ದು ಸೂಪರ್ ಬೌಲನ್ನು ಪಡೆದರು. ಮರುವರ್ಷ ಇನ್ನೊಮ್ಮೆ ಪಡೆದರು.

ಬಿಲ್ ವಾಲ್ಷ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ೧೯೭೯ರಲ್ಲಿ ಸಾನ್‌ಫ್ರಾನ್ಸಿಸ್ಕೊ ತಂಡಕ್ಕೆ ಬಂದಾಗಲೂ ಹೀಗೆಯೇ. ಮೊದಲ ವರ್ಷ ೨ ಗೆಲುವು, ೧೪ ಸೋಲು. ಎರಡನೆಯ ವರ್ಷ ೬ ಗೆಲುವು, ೧೦ ಸೋಲು. ಮೂರನೆಯ ವರ್ಷದ ತಂಡವು ೧೯೮೨ರ ಜನವರಿಯಲ್ಲಿ ಸೂಪರ್ ಬೌಲನ್ನು ಗೆದ್ದಿತು. ದಕ್ಷಿಣ ಕ್ಯಾಲಿಫೋರ್ನಿಯದಿಂದ ೨೦೧೦ರಲ್ಲಿ ಸಿಯಾಟಲಿಗೆ ಬಂದ ಪೀಟ್ ಕ್ಯಾರಲ್ ಅವರಿಗೆ ಮೊದಲ ಎರಡು ವರ್ಷವೂ ಏಳೇಳು ಗೆಲುವು, ಒಂಬತ್ತೊಂಬತ್ತು ಸೋಲು. ನಾಲ್ಕನೆಯ ವರ್ಷದ ತಂಡವು ೨೦೧೪ರ ಫೆಬ್ರವರಿಯಲ್ಲಿ ಡೆನ್ವರನ್ನು ೪೩–೮ರಿಂದ ಗೆದ್ದಿತು. ಈ ಇಬ್ಬರೂ ಹೊಸಬರಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವಾಲ್ಷ್ ಅವರು ಹಿಂದೆ ವೃತ್ತಿಯ ತಂಡಗಳಲ್ಲಿ ಬಹುಕಾಲ ಸಹಾಯಕರಾಗಿದ್ದವರು. ಕ್ಯಾರಲ್ ಅವರು ವೃತ್ತಿಯ ತಂಡಗಳಿಂದ ಎರಡು ಸಲ ಹೊರಹಾಕಿಸಿಕೊಂಡವರು. ಆ ಮನೆಯ ಹೊಸ್ತಿಲು ಎಲ್ಲಿ ಎಡವಿಸುವುದೆಂಬುದು ಅವರಿಗೆ ಕಾಲಿಗೆ ತಾಕಿ ಗೊತ್ತಿದ್ದಿತು.

ಮೊದಲನೆಯ ವರ್ಷವೇ ಗೆದ್ದವರೂ ಇಲ್ಲದಿಲ್ಲ. ಜಿಮ್ ಹಾರ್ಬಾ ಅವರು ಸ್ಟ್ಯಾನ್‌ಫರ್ಡಿನಿಂದಲೇ ೨೦೧೧ರಲ್ಲಿ ಸಾನ್‌ಫ್ರಾನ್ಸಿಸ್ಕೊಗೆ ಬಂದು ಆ ವರ್ಷವೇ ೧೩ ಆಟಗಳನ್ನು ಗೆದ್ದರು. ಆದರೆ ಅವರು ಸ್ವತಃ ಹದಿನಾಲ್ಕು ವರ್ಷ ವೃತ್ತಿಯ ಕಣದಲ್ಲಿ ಆಡಿ ಪೆಟ್ಟು ತಿಂದವರು.

ಈ ಎರಡು ಸಾಲುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ನಮಗೆ ತೋರುವುದಿಷ್ಟು. ಊರಿನವರು ಹಿಗ್ಗಿದ ಕಡೆ ಕೋಚು ಸೋತದ್ದುಂಟು; ಊರಿನವರು ಬೈದ ಕಡೆ ಗೆದ್ದದ್ದುಂಟು. ಆದುದರಿಂದ ಆರಂಭದ ಹಿಗ್ಗಿಗೂ ಕೊನೆಯ ಫಲಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ಎರಡಕ್ಕೆ. ಬಂದವನು ಹಿಂದಿನ ಕಡೆ ಗೆದ್ದದ್ದರಲ್ಲಿ ತನ್ನದು ಎಷ್ಟು, ಆ ಸ್ಥಳದ್ದು ಎಷ್ಟು ಎಂಬುದಕ್ಕೆ ಒಂದು. ಮೊದಲನೆಯ ಕೆಟ್ಟ ವರ್ಷದಲ್ಲಿ ಅವನೂ ಅವನನ್ನು ತಂದವರೂ ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಂಡರು ಎಂಬುದಕ್ಕೆ ಇನ್ನೊಂದು. ತಾಳ್ಮೆಯೊಂದಿದ್ದರೆ ಜಾಕ್ಸನ್‌ವಿಲ್ಲಿನಲ್ಲಿ ಎಲ್ಲವೂ ಸರಿಹೋಗುತ್ತಿತ್ತೆಂದು ನಾವು ಹೇಳೆವು. ಮರ್ಯಾದೆ ಕೆಟ್ಟಲ್ಲಿ ತಾಳ್ಮೆಗೆ ನಿಲ್ಲಲು ನೆಲವಿರುವುದಿಲ್ಲ. ಸೋಲನ್ನು ಕ್ಷಮಿಸಿಸಿಕೊಳ್ಳುವ ಯೋಗ್ಯತೆಯೂ ನಡತೆಯಿಂದ ಬರತಕ್ಕದ್ದು.

ಈಗ ನಮ್ಮ ಮನೆಗಳ ಕಡೆ ತಿರುಗಿ ನೋಡಿದರೆ ಈ ಲೆಕ್ಕದ ತಪ್ಪು ಅಲ್ಲಿಯೂ ಕಾಣದಿರುವುದಿಲ್ಲ. ತಮ್ಮ ಅಡಿಗೆಮನೆಯಲ್ಲಿ ಕತ್ತಲಲ್ಲಿ ಕೈಯಿಟ್ಟರೂ ಸಾಸಿವೆ ಡಬ್ಬಿಯೇ ಸಿಕ್ಕುವ ಗೃಹಿಣಿಯು, ನೆಂಟರ ಮನೆಯಲ್ಲಿ ಒಲೆಯ ಮುಂದೆ ನಿಂತಾಗ ಉಪ್ಪಿಗಾಗಿ ನಾಲ್ಕು ಡಬ್ಬಿ ತೆರೆಯುತ್ತಾಳೆ. ಅಷ್ಟಕ್ಕೆ ಆಕೆಗೆ ಅಡಿಗೆ ಬಾರದೆಂದು ಹೇಳುವವರು ಅವಿವೇಕಿಗಳು. ತವರಿನಲ್ಲಿ ಜಾಣೆಯೆನಿಸಿಕೊಂಡ ಹುಡುಗಿಯು ಸೊಸೆಯಾಗಿ ಬಂದ ಮೊದಲನೆಯ ವರ್ಷ ತಡವರಿಸಿದರೆ ನಾವು ಆಡುವ ಮಾತು ಯಾವುದು? ಊರ ಶಾಲೆಯಲ್ಲಿ ಮೊದಲನೆಯವನಾಗಿದ್ದ ಮಗನು ಪಟ್ಟಣದ ಕಾಲೇಜಿನ ಮೊದಲನೆಯ ಪರೀಕ್ಷೆಯಲ್ಲಿ ನಲವತ್ತನೆಯವನಾದರೆ, ಆ ಸಂಜೆ ನಾವು ಅವನಿಗೆ ಊಟ ಬಡಿಸುವಾಗ ನಮ್ಮ ಮುಖ ಹೇಗಿರುತ್ತದೆ? ಬಂದ ದಿನ ನಾವು ಅವರ ಮೇಲೆ ಹೊರಿಸಿದ ಹೊಗಳಿಕೆಯೇ ಸೋತ ದಿನ ಅವರಿಗೆ ಭಾರವಾಗುವುದೆಂಬುದನ್ನು ಎಷ್ಟು ಮಂದಿ ಯೋಚಿಸಿದ್ದೇವೆ? ತಾಳಿದವನು ಬಾಳಿಯಾನು ಎಂಬ ಗಾದೆಯು ದುಡಿಯುವವನಿಗೆ ಹೇಗೋ, ಕಾಯುವವನಿಗೂ ಹಾಗೆಯೇ.

ಇದನ್ನೆಲ್ಲ ಮಿತ್ರರಿಗೆ ಹೇಳಿದೆವು. ಅವರು ಮೊಮ್ಮಗನಿಗೆ ತಿಳಿಯುವಂತೆ ಸಣ್ಣದಾಗಿ ಹೇಳಿದರು: "ಅವರು ಮರೆತಿಲ್ಲ ಮಗು. ಅಲ್ಲಿ ಅವರಿಗೆ ದೊಡ್ಡ ಏಣಿ ಇತ್ತು. ಇಲ್ಲಿ ಎಲ್ಲರಿಗೂ ಒಂದ�ೇ ಅಳತೆಯ ಏಣಿ." ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮುಂದೆ ಬರುವವರಿಗೂ ಒಂದೇ ಅಳತೆಯ ಏಣಿಯೋ?" ಎಂದನಂತೆ. ಹೌದೆಂದರು.

ಮುಂದೆ ಬಂದವರು ಡಗ್ ಪೀಡರ್ಸನ್. ವೃತ್ತಿಯ ಕಣದಲ್ಲಿಯೇ ಆಡಿ ಬೆಳೆದವರು. ಆರೆಗನ್ ವಿಶ್ವವಿದ್ಯಾಲಯದಿಂದ ಜಯಘೋಷದೊಡನೆ ಫಿಲಡೆಲ್ಫಿಯಕ್ಕೆ ಬಂದಿದ್ದ ಚಿಪ್ ಕೆಲಿ ಅವರು ಮೂರನೆಯ ವರ್ಷ, ೨೦೧೫ರ ಡಿಸೆಂಬರಿನಲ್ಲಿ, ಕೆಲಸ ಕಳೆದುಕೊಂಡಾಗ ಅವರ ಸ್ಥಾನಕ್ಕೆ ಬಂದು, ೨೦೧೮ರ ಫೆಬ್ರವರಿಯಲ್ಲಿ ಸೂಪರ್ ಬೌಲನ್ನು ಗೆದ್ದಿದ್ದವರೂ ಇವರೇ. ೨೦೨೨ರಲ್ಲಿ ಜಾಕ್ಸನ್‌ವಿಲ್ ೯ ಆಟಗಳನ್ನು ಗೆದ್ದು, ೮ನ್ನು ಸೋತು, ಮುಂದಿನ ಸುತ್ತಿಗೆ ಏರಿತು. ೨೦೨೩ರ ಜನವರಿ ೧೪ರ ರಾತ್ರಿ, ನಮ್ಮಲ್ಲಿ ಭಾನುವಾರದ ಬೆಳಗು, ಲಾಸ್ ಏಂಜಲಿಸಿನ ಚಾರ್ಜರ್ಸ್ ತಂಡದೊಡನೆ ಆಟ. ಒಂದು ಹಂತದಲ್ಲಿ ಜಾಕ್ಸನ್‌ವಿಲ್ ೨೭–೦ರಿಂದ ಹಿಂದಿದ್ದಿತು. ಹುಡುಗನ ತಾಯಿ ಮಲಗಿಕೋ ಎಂದಳು. ಅವನು, ಇನ್ನರ್ಧ ಆಟವಿದೆಯೆಂದು ಕುಳಿತನು. ಅಂದು ಕಡೆಯ ಒದೆತದಲ್ಲಿ ೩೧–೩೦ರಿಂದ ಗೆದ್ದರು. ಎರಡು ವರ್ಷಗಳ ಹಿಂದೆ ಎಲ್ಲರೂ ಯಾರ ಮೇಲೆ ಆಸೆಯಿಟ್ಟಿದ್ದರೋ ಆ ಲಾರೆನ್ಸನೇ, ಮೊದಲಿನಲ್ಲಿ ನಾಲ್ಕು ಸಲ ಚೆಂಡನ್ನು ಎದುರಾಳಿಗಳ ಕೈಗೆ ಎಸೆದು, ಅನಂತರ ಅದೇ ಕೈಯಿಂದ ಆಟವನ್ನು ಹಿಂದಕ್ಕೆ ತಂದನು.

ಆ ಬೆಳಿಗ್ಗೆ ಮಿತ್ರರು ಪಂಚೆಯನ್ನೂ ಸರಿಪಡಿಸಿಕೊಳ್ಳದೆ ನಮ್ಮ ಮನೆಗೆ ಬಂದರು. ಹುಡುಗನು ಬೀರುವಿನ ತಳದಿಂದ ಟೋಪಿಯನ್ನು ಹುಡುಕಿ ತೆಗೆದನಂತೆ, ತಲೆಗೆ ಹಿಡಿಸಲಿಲ್ಲವಂತೆ. "ಎರಡು ವರ್ಷ ಬೆಳೆದಿದ್ದಾನಲ್ಲ!" ಎಂದು ನಕ್ಕರು. ಪೀಡರ್ಸನ್ ಅವರೂ ಅಲ್ಲಿ ಸ್ಥಿರವಾಗಿ ನಿಲ್ಲಲಿಲ್ಲ, ೨೦೨೪ರಲ್ಲಿ ೧೩ ಆಟಗಳನ್ನು ಸೋತಮೇಲೆ ೨೦೨೫ರ ಜನವರಿಯಲ್ಲಿ ಅವರನ್ನೂ ಕಳುಹಿಸಿದರು, ಇನ್ನೊಬ್ಬರು ಬಂದರು, ಊರಿನವರು ಮತ್ತೆ ಆಸೆಪಟ್ಟರು.

ಆಸೆಪಡುವುದನ್ನು ಬಿಡಿರೆಂದು ಹೇಳಲು ನಾವು ಯಾರು? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿರೆಂದು ಹಿರಿಯರು ಹೇಳಿದರೂ ಯಾವ ಅಜ್ಜಿಯೂ ಆ ಮಾತನ್ನು ಕೇಳಿದಂತೆ ಕಾಣೆವು. ಹೊಲಿಸಲಿ. ಬೆಳೆಯುವ ಮಕ್ಕಳ ಅಂಗಿಗೆ ಎರಡಂಗುಲ ಬಟ್ಟೆ ಒಳಗೆ ಮಡಿಸಿಟ್ಟು ಹೊಲಿಸುವುದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಕ್ರಮ. ಹೊಸಬರ ಮೇಲೆ ಇಡುವ ಆಸೆಗೂ ಅಷ್ಟು ಮಡಿಕೆ ಬಿಟ್ಟರೆ ಸಾಕು.